ಕೈಯ ದಣಿವು

ಹಲ್ಲಿನ ದವಾಖಾನೆಯ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದುಕೊಂಡವನಿಗೆ ಲೋಕದ ಸಂಕಟವೆಲ್ಲ ಆ ಹೊತ್ತಿಗೆ ತನ್ನ ಬಾಯೊಳಗೇ ಬಂದು ಸೇರಿದಂತೆ ತೋರುವುದು. ಕಣ್ಣೆದುರಿಗೆ ಪ್ರಖರವಾದ ದೀಪ, ತುಟಿಯ ಪಕ್ಕದಲ್ಲಿ ನೀರು ಹೀರುವ ಕೊಳವೆ, ಕಿವಿಯಲ್ಲಿ ಯಂತ್ರದ ಕಿರುದನಿ. ಇವುಗಳ ನಡುವೆ, ತನ್ನ ಮೇಲೆ ಬಾಗಿ ದುಡಿಯುತ್ತಿರುವವರಿಗೂ ಒಂದು ಕತ್ತು, ಒಂದು ಬೆನ್ನು, ಎರಡು ಮಣಿಕಟ್ಟುಗಳುಂಟೆಂಬುದು ಅವನ ನೆನಪಿಗೆ ಬರುವುದಿಲ್ಲ. ಬರಬೇಕೆಂದು ಬಯಸುವುದೂ ನ್ಯಾಯವಲ್ಲ. ನೋವಿನಿಂದ ಬಂದವನು ತನ್ನ ನೋವನ್ನು ನೋಡಿಕೊಳ್ಳುವುದೇ ಸಹಜ. ಆದರೆ ನೋವನ್ನು ನೀಗಿಸುವ ಕೈಗೂ ನೋವುಂಟು. ಅದು ಸಾಲದ ಬಡ್ಡಿಯಂತೆ ಸದ್ದಿಲ್ಲದೆ ಬೆಳೆದು, ಒಂದು ದಿನ ಅಸಲು ಸಮೇತ ವಸೂಲಿಗೆ ಬಂದು ಬಾಗಿಲಲ್ಲಿ ನಿಲ್ಲುವುದು.

ಹಾಸನದ ಒಂದು ದಂತವೈದ್ಯಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಹಲ್ಲು ಶುದ್ಧಿಮಾಡುವ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳಿಗೆ ಈ ವಸೂಲಿ ಬಂದದ್ದು ದವಾಖಾನೆಯಲ್ಲಲ್ಲ, ಅಡಿಗೆಯ ಮನೆಯಲ್ಲಿ. ಒಲೆಯ ಮೇಲೆ ರಾಗಿಯ ಹಿಟ್ಟು ಬೆಂದಿತ್ತು. ಕೋಲನ್ನು ಹಿಡಿದು ಮುದ್ದೆ ತೊಳಸಲು ತೊಡಗಿದವಳ ಕೈಯಿಂದ ಕೋಲು ತಾನಾಗಿ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರೂ ತನ್ನವಲ್ಲವೆಂಬಂತೆ ಮರಗಟ್ಟಿದ್ದವು.

“ಏನಾಯ್ತೇ ತಾಯಿ?” ಎಂದು ಅತ್ತೆ ಹತ್ತಿರ ಬಂದರು.

“ಏನಿಲ್ಲ ಅತ್ತೆ, ಕೈ ಜೋಮು ಹಿಡೀತು.”

ಅತ್ತೆ ಮಾತಾಡದೆ ಕೋಲನ್ನು ತೆಗೆದುಕೊಂಡು ಮುದ್ದೆ ಕಟ್ಟಿದರು. ಸೊಸೆಯು ಆರು ತಿಂಗಳಿಂದ ನಡುರಾತ್ರಿಯಲ್ಲಿ ಎದ್ದು ಕುಳಿತು ಕೈ ಒದರಿಕೊಳ್ಳುತ್ತಿದ್ದುದನ್ನು ಅವರು ಕಂಡಿದ್ದರು. ಸೊಸೆಯು ಮಾತ್ರ ಕೈಯನ್ನು ಮಗ್ಗುಲಲ್ಲಿ ಹಾಕಿ ಮಲಗಿದ್ದರಿಂದ ಹೀಗಾಯಿತೆಂದು ತನಗೆ ತಾನೇ ಹೇಳಿಕೊಂಡು ದಿನ ಕಳೆದಿದ್ದಳು.

ಕಾಗದಪತ್ರಗಳಲ್ಲಿ ಈಕೆಯ ಉದ್ಯೋಗಕ್ಕೆ ಡೆಂಟಲ್ ಹೈಜೀನಿಸ್ಟ್ ಎಂದು ಹೆಸರು. ಊರಿನವರ ಬಾಯಲ್ಲಿ ಆಕೆ “ಹಲ್ಲು ಕ್ಲೀನ್ ಮಾಡೋ ಮೇಡಮ್ಮು”. ಕೆಲಸ ಹಳೆಯದು, ಉದ್ಯೋಗ ಹೊಸದು. ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಕಿಟ್ಟಕ್ಕೆ ಸುಶ್ರುತನು ದಂತಶರ್ಕರೆಯೆಂದು ಹೆಸರಿಟ್ಟು, ಹಲ್ಲಿನ ಬುಡಕ್ಕೆ ಹಿಂಸೆಯಾಗದಂತೆ ಅದನ್ನು ಕಿತ್ತು ತೆಗೆಯಬೇಕೆಂದು ವಿಧಿಸಿದ್ದಾನೆ. ಅದಕ್ಕಾಗಿ ದಂತಶಂಕುವೆಂಬ ಶಸ್ತ್ರವನ್ನೂ ಹೇಳಿದ್ದಾನೆ. ಆದರೆ ಇದನ್ನೇ ಒಂದು ಪ್ರತ್ಯೇಕ ವೃತ್ತಿಯಾಗಿ ಮಾಡಿದವರು ಅಮೆರಿಕದವರು. ಕನೆಕ್ಟಿಕಟ್ ಪ್ರಾಂತದ ಬ್ರಿಜ್‌ಪೋರ್ಟ್ ನಗರದ ದಂತವೈದ್ಯ ಆಲ್ಫ್ರೆಡ್ ಫೋನ್ಸ್ ಎಂಬಾತನು 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್ ಎಂಬವಳಿಗೆ ಹಲ್ಲು ಶುದ್ಧಿಮಾಡುವ ವಿದ್ಯೆಯನ್ನು ಕಲಿಸಿದನು. 1913ರಲ್ಲಿ ಇಂತಹವರಿಗಾಗಿಯೇ ಒಂದು ಶಾಲೆಯನ್ನು ತೆರೆದನು. ಅಲ್ಲಿ ಕಲಿತ ಹೆಂಗಸರು ಆ ನಗರದ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲುಗಳನ್ನು ನೋಡಿಕೊಂಡರು. 1917ರಲ್ಲಿ ಐರೀನ್ ನ್ಯೂಮನ್ನಳಿಗೆ ಸರ್ಕಾರದ ಪರವಾನಗಿಯೂ ದೊರಕಿತು. ಭಾರತದಲ್ಲಿ 1948ರ ದಂತವೈದ್ಯರ ಕಾಯಿದೆಯು ಈ ಕೆಲಸದವರಿಗೆ ಪ್ರತ್ಯೇಕವಾದ ದಾಖಲೆಪುಸ್ತಕವನ್ನು ಗೊತ್ತುಮಾಡಿತು. ಹಾಗಿದ್ದರೂ ಅನೇಕ ದವಾಖಾನೆಗಳಲ್ಲಿ ದಂತವೈದ್ಯರೇ ಈ ಕೆಲಸವನ್ನೂ ಮಾಡಿಕೊಳ್ಳುವರು. ಕೈ ಯಾರದಾದರೂ ದಣಿವು ಒಂದೇ.

ಆ ದಣಿವು ಎಲ್ಲಿಂದ ಬರುವುದು? ಕೆಲಸವನ್ನು ದೂರದಿಂದ ನೋಡಿದವರಿಗೆ ಇದರಲ್ಲಿ ಶ್ರಮವೇನೂ ಕಾಣಿಸದು. ಮೂಟೆ ಹೊರುವುದಿಲ್ಲ, ನೆಲ ಅಗೆಯುವುದಿಲ್ಲ. ತಂಪಾದ ಕೋಣೆಯಲ್ಲಿ ಕುಳಿತು ಕಡ್ಡಿಯಷ್ಟು ಗಾತ್ರದ ಉಕ್ಕಿನ ಸಲಾಕೆಯನ್ನು ಆಡಿಸುವುದು. ಆದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶವು ಹಲ್ಲಿನ ಲೋಳೆಯೊಡನೆ ಸೇರಿ ಗಟ್ಟಿಕಟ್ಟಿದ ಕಿಟ್ಟವು ಸಾಮಾನ್ಯವಾದುದಲ್ಲ. ಜೊಲ್ಲಿನ ನಾಳಗಳು ಬಾಯೊಳಕ್ಕೆ ತೆರೆದುಕೊಳ್ಳುವ ಎಡೆಗಳಲ್ಲಿ, ಎಂದರೆ ಕೆಳಗಣ ಮುಂದಿನ ಹಲ್ಲುಗಳ ಒಳಮೈಯಲ್ಲಿಯೂ ಮೇಲಣ ದವಡೆಹಲ್ಲುಗಳ ಹೊರಮೈಯಲ್ಲಿಯೂ, ಅದು ಹೆಚ್ಚಾಗಿ ಬೆಳೆಯುವುದು. ಇವೆರಡೂ ಕಣ್ಣಿಗೆ ಸುಲಭವಾಗಿ ಸಿಕ್ಕುವ ಜಾಗಗಳಲ್ಲ. ಸಲಾಕೆಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಚಿವುಟಿ ಹಿಡಿದು, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಕಿಟ್ಟದ ಬುಡಕ್ಕೆ ಅಲಗನ್ನು ಸೇರಿಸಿ ಎಳೆಯಬೇಕು. ಒಂದು ಎಳೆತಕ್ಕೆ ಬಿಡಲಿಲ್ಲವೆಂದರೆ ಹತ್ತು ಎಳೆತ. ಒಂದು ಬಾಯಿ ಮುಗಿದರೆ ಇನ್ನೊಂದು ಬಾಯಿ. ಈಗ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಅದುರುವ ಯಂತ್ರದ ಮೊನೆಗಳು ಬಂದಿವೆ. ಬಲಪ್ರಯೋಗದ ಭಾಗವನ್ನು ಅವು ಬಹುಮಟ್ಟಿಗೆ ಕಡಿಮೆಮಾಡಿವೆ. ಆದರೂ ಕೈಯ ಕೆಲಸ ಪೂರ್ತಿಯಾಗಿ ತಪ್ಪಿಲ್ಲ, ಕತ್ತು ಬಾಗಿಸುವುದಂತೂ ತಪ್ಪೇ ಇಲ್ಲ.

ಕತ್ತಿನ ಲೆಕ್ಕವನ್ನು ನೀರಿನ ಕೊಡದಿಂದ ತಿಳಿಯಬಹುದು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಬೀದಿ ನಡೆಯಬಲ್ಲವಳು, ಅದನ್ನೇ ತೋಳು ನೀಡಿ ಮುಂದಕ್ಕೆ ಹಿಡಿದರೆ ನಾಲ್ಕು ಹೆಜ್ಜೆಯನ್ನೂ ಇಡಲಾರಳು. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಅದು ಬೆನ್ನೆಲುಬಿನ ಮೇಲೆ ನೆಟ್ಟಗಿದ್ದರೆ ಎಲುಬು ಹೊರುವುದು. ಮುಂದಕ್ಕೆ ಬಾಗಿದರೆ ಹಿಂಗತ್ತಿನ ಸ್ನಾಯುಗಳು ಹಗ್ಗದಂತೆ ಜಗ್ಗಿ ಹಿಡಿಯಬೇಕು. ಅಮೆರಿಕದ ಶಸ್ತ್ರವೈದ್ಯರೊಬ್ಬರು 2014ರಲ್ಲಿ ಪ್ರಕಟಿಸಿದ ಒಂದು ಗಣನೆಯ ಮೇರೆಗೆ, ಕತ್ತು 60 ಡಿಗ್ರಿ ಬಾಗಿದಾಗ ಬೆನ್ನೆಲುಬಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೋ. ಇದಕ್ಕಿಂತ ಕೆಟ್ಟದ್ದು ಅಲುಗಾಡದಿರುವುದು. ನಡೆಯುವವನ ಕಾಲಿನ ಸ್ನಾಯು ಬಿಗಿದು ಸಡಿಲಿ, ಬಿಗಿದು ಸಡಿಲಿ, ರಕ್ತವನ್ನು ಒಳಕ್ಕೆಳೆದು ಹೊರಕ್ಕೆ ನೂಕುವುದು. ಬಿಗಿದೇ ನಿಂತ ಸ್ನಾಯುವಿಗೆ ಆ ಭಾಗ್ಯವಿಲ್ಲ. ರಕ್ತ ಸಾಲದೆ ಅದು ಉರಿಯತೊಡಗುವುದು. ಆದ್ದರಿಂದಲೇ ದಿನವಿಡೀ ಓಡಾಡಿದವನಿಗಿಂತ ದಿನವಿಡೀ ಬಾಗಿ ಕುಳಿತವನು ಸಂಜೆಗೆ ಹೆಚ್ಚು ಬಳಲುವನು.

ಮುದ್ದೆಯ ಕೋಲು ಜಾರಿದ ಮರುವಾರ ಆಕೆ ಮೂಳೆವೈದ್ಯರ ಬಳಿಗೆ ಹೋದಳು. ಅವರು ಮೊದಲು ಕೇಳಿದ ಪ್ರಶ್ನೆ ಕಿರುಬೆರಳಿನದು. ಕಿರುಬೆರಳಿಗೆ ಜೋಮಿಲ್ಲವೆಂದು ಹೇಳಿದ ಕೂಡಲೆ ವೈದ್ಯರು ತಲೆದೂಗಿದರು. ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಸಣ್ಣ ಮೂಳೆಗಳಿಗೂ ಅವುಗಳ ಮೇಲೆ ಹಾದುಹೋಗುವ ಗಟ್ಟಿಯಾದ ಪಟ್ಟಿಗೂ ನಡುವೆ ಒಂದು ಇಕ್ಕಟ್ಟಾದ ದಾರಿಯುಂಟು. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಆ ದಾರಿಯಲ್ಲೇ ಹೋಗಬೇಕು. ರಜ್ಜುಗಳ ಸುತ್ತಲ ಪೊರೆ ಊದಿಕೊಂಡರೆ, ಅಥವಾ ಮಣಿಕಟ್ಟು ಬಹುಕಾಲ ಬಗ್ಗಿಯೇ ಇದ್ದರೆ, ಅಲ್ಲಿ ಹಿಸುಕಿಗೆ ಸಿಕ್ಕುವುದು ಬಡಪಾಯಿ ನರ. ಆ ನರವು ಹೆಬ್ಬೆರಳಿನಿಂದ ಹಿಡಿದು ಉಂಗುರದ ಬೆರಳಿನ ಅರ್ಧದವರೆಗೆ ಅರಿವನ್ನು ಕೊಡುವುದು; ಕಿರುಬೆರಳಿನ ನರ ಬೇರೆ ದಾರಿಯದು. ರಾತ್ರಿ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ ಕಟ್ಟಿಕೊಳ್ಳಬೇಕೆಂದೂ, ಹೆಬ್ಬೆರಳಿನ ಬುಡದ ಮಾಂಸ ಸೊರಗತೊಡಗಿದರೆ ಶಸ್ತ್ರಕ್ರಿಯೆ ತಪ್ಪದೆಂದೂ ತಿಳಿಸಿ, ವೈದ್ಯರು ಕೊನೆಗೆ ಕೇಳಿದರು: “ಏನು ಕೆಲಸ ಮಾಡ್ತೀರಮ್ಮ?”

ಈ ಪ್ರಶ್ನೆಗೆ ಮುನ್ನೂರು ವರ್ಷಕ್ಕೆ ಮೀರಿದ ವಯಸ್ಸಾಗಿದೆ. ಇಟಲಿಯ ಬರ್ನಾರ್ಡಿನೊ ರಮಾಟ್ಸೀನಿ ಎಂಬ ವೈದ್ಯನು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ವೈದ್ಯನು ರೋಗಿಯನ್ನು ಕೇಳತಕ್ಕ ಪ್ರಶ್ನೆಗಳ ಸಾಲಿಗೆ ಅವನ ಕಸುಬೇನೆಂಬುದನ್ನೂ ಸೇರಿಸಬೇಕೆಂದು ಅದರಲ್ಲಿ ಆತನು ಹೇಳಿದನು. ಆ ಗ್ರಂಥದಲ್ಲಿ ಲಿಪಿಕಾರರನ್ನು ಕುರಿತ ಮಾತೂ ಬಂದಿದೆ. ಅವರ ಬಳಲಿಕೆಗೆ ರಮಾಟ್ಸೀನಿ ಮೂರು ಕಾರಣಗಳನ್ನು ಕೊಟ್ಟನು: ಎಡೆಬಿಡದೆ ಕುಳಿತಿರುವುದು ಒಂದು, ಕೈಯನ್ನು ಒಂದೇ ದಿಕ್ಕಿಗೆ ಬಿಡುವಿಲ್ಲದೆ ಆಡಿಸುವುದು ಎರಡು, ಎಲ್ಲಿ ಬರೆಹ ಕೆಡುವುದೋ, ಲೆಕ್ಕ ತಪ್ಪುವುದೋ ಎಂಬ ಮನಸ್ಸಿನ ಬಿಗಿ ಮೂರು. ಹಲ್ಲಿನ ಕೆಲಸದವಳಿಗೆ ಮೂರೂ ಅಕ್ಷರಶಃ ಒಪ್ಪುವುವು. ಅದರಲ್ಲಿಯೂ ಮೂರನೆಯದು. ಎಲ್ಲಿ ವಸಡಿಗೆ ತಗಲಿ ರಕ್ತ ಬರುವುದೋ, ಎಲ್ಲಿ ರೋಗಿ ಬೆಚ್ಚಿಬೀಳುವನೋ ಎಂಬ ಅಂಜಿಕೆಯಿಂದ ಆಕೆಯ ಬೆರಳುಗಳು ಸಲಾಕೆಯನ್ನು ಬೇಕಾದುದಕ್ಕಿಂತ ಬಿಗಿಯಾಗಿಯೇ ಹಿಡಿಯುತ್ತಿದ್ದವು. ಕೆಲಸವನ್ನು ದೇಹಕ್ಕೆ ಹೊಂದಿಸುವ ಶಾಸ್ತ್ರಕ್ಕೆ ಈಗ ಎರ್ಗನಾಮಿಕ್ಸ್ ಎಂದು ಹೆಸರು; ಪೋಲೆಂಡಿನ ವಿದ್ವಾಂಸ ಯಾಸ್ತ್‌ಶೆಂಬೋವ್‌ಸ್ಕಿ 1857ರಲ್ಲಿ ಗ್ರೀಕ್ ಪದಗಳಿಂದ ಕಟ್ಟಿದ ಮಾತು ಅದು. ಹೆಸರು ಬಂದದ್ದು ತಡವಾಗಿ. ನೋವು ಮೊದಲಿನಿಂದಲೂ ಇದ್ದಿತು.

ವೈದ್ಯರ ಮಾತನ್ನು ಕೇಳಿ ಬಂದವಳು ದವಾಖಾನೆಯಲ್ಲಿ ಬಾಯಿ ಬಿಡಲಿಲ್ಲ. ಮಗಳಿಗೆ ಆ ವರ್ಷ ಕಾಲೇಜಿನ ಫೀಜು ಕಟ್ಟಬೇಕು. ಗಂಡನ ಅಂಗಡಿಯ ವರಮಾನ ಮನೆಯ ಖರ್ಚಿಗೇ ಸರಿಹೋಗುವುದು. ಕೈ ಕೆಟ್ಟ ಕೆಲಸಗಾರ್ತಿಯನ್ನು ಇಟ್ಟುಕೊಳ್ಳುವವರಾರು? ಹಗಲಲ್ಲಿ ನೋವಿನ ಮಾತ್ರೆಯನ್ನು ನುಂಗಿ, ರಾತ್ರಿಯಲ್ಲಿ ಪಟ್ಟಿಯನ್ನು ಕಟ್ಟಿ ಎರಡು ತಿಂಗಳು ನೂಕಿದಳು. ಮುಚ್ಚಿಟ್ಟ ನೋವಿಗೆ ಒಂದು ಗುಣವುಂಟು: ಅದು ಮೈಯನ್ನು ಮಾತ್ರವಲ್ಲದೆ ಮಾತನ್ನೂ ಬಿಗಿಮಾಡುವುದು. ರೋಗಿಗಳೊಡನೆ ನಗುತ್ತ ಮಾತಾಡುತ್ತಿದ್ದವಳು ಮೌನಿಯಾದಳು.

ಹಬ್ಬಕ್ಕೆ ತವರಿಗೆ ಹೋದಾಗ ಅದನ್ನು ಕಂಡವನು ಅವಳ ತಂದೆ. ಆತ ಅಕ್ಕಸಾಲಿ. ಐವತ್ತು ವರ್ಷ ಕುಂಪಟೆಯ ಮುಂದೆ ಕುಳಿತು, ಊದುಗೊಳವೆ ಊದಿ, ಅಡಿಗಲ್ಲಿನ ಮೇಲೆ ಬಾಗಿ ಕೆಲಸಮಾಡಿದವನ ಕತ್ತು ಈಗ ಮುಂದಕ್ಕೆ ನೀಡಿಕೊಂಡೇ ನಿಂತಿದೆ. ಆಕಾಶವನ್ನು ನೋಡಬೇಕಾದರೆ ಸೊಂಟದಿಂದ ಹಿಂದಕ್ಕೆ ವಾಲಬೇಕು. ಮಗಳು ತುತ್ತನ್ನು ಎತ್ತುವ ರೀತಿಯನ್ನು ನೋಡಿಯೇ ಆತನಿಗೆ ಗೊತ್ತಾಯಿತು.

“ನಿನ್ನ ಆಯುಧ ತೋರಿಸು” ಎಂದನು.

ಅವಳ ಚೀಲದಲ್ಲಿ ಹಳೆಯದೊಂದು ಸಲಾಕೆಯಿತ್ತು. ಮುದುಕನು ಅದರ ಅಲಗನ್ನು ಉಗುರಿನ ಮೇಲೆ ಎಳೆದು ನೋಡಿದನು. ಅದು ಉಗುರನ್ನು ಕಚ್ಚದೆ ಜಾರಿತು.

“ಇದರಲ್ಲಿ ಕೆಲಸ ಮಾಡ್ತೀಯಾ? ಅರ ಮೊಂಡಾದರೆ ಬಂಗಾರ ಸವೆಯೋದಿಲ್ಲ ಮಗಾ, ಕೈ ಸವೆಯುತ್ತೆ. ಹಿಡಿ ನೋಡು, ಊದುಬತ್ತಿ ಹಾಗಿದೆ. ಇಷ್ಟು ಸಣ್ಣದನ್ನ ಹಿಡಿಯೋಕೇ ಅರ್ಧ ಬಲ ಹೋಗುತ್ತೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದನು: “ನನ್ನ ಮಣೆ ಕೆಳಗೆ ಎರಡು ಇಟ್ಟಿಗೆ ನೋಡಿದ್ದೀಯಲ್ಲ. ಕೆಲಸ ಎದೆ ಮಟ್ಟಕ್ಕೆ ಬರಲಿ ಅಂತ ಇಟ್ಟೆ. ಇಡೋ ಹೊತ್ತಿಗೆ ಕತ್ತು ಹೋಗಿತ್ತು. ನೀನು ಈಗಲೇ ಇಡು.”

ಮುದುಕನ ಮಾತು ಶಾಸ್ತ್ರಕ್ಕೆ ಹೊರತಾಗಿರಲಿಲ್ಲ. ಹಿಡಿಯು ಸುಮಾರು 10 ಮಿಲಿಮೀಟರು ದಪ್ಪವಿದ್ದು ತೂಕ 15 ಗ್ರಾಮಿನಷ್ಟೇ ಇದ್ದರೆ ಚಿವುಟುವ ಬಲ ಕಡಿಮೆ ಸಾಕಾಗುವುದೆಂದು ಪ್ರಯೋಗಗಳು ತೋರಿಸಿವೆ. ಇಟ್ಟಿಗೆಯ ವಿಷಯಕ್ಕೆ ಬಂದರೆ, ದಂತವೈದ್ಯರ ಕುರ್ಚಿಯ ಚರಿತ್ರೆಯೇ ಅದಕ್ಕೆ ಸಾಕ್ಷಿ. 1790ರಲ್ಲಿ ಅಮೆರಿಕದ ಜೊಸಾಯ ಫ್ಲ್ಯಾಗ್ ಎಂಬಾತನು ಮರದ ಕುರ್ಚಿಗೆ ತಲೆಯಾಸರೆಯನ್ನು ಜೋಡಿಸಿದಂದಿನಿಂದ ಬಹುಕಾಲ ಕುರ್ಚಿಯು ರೋಗಿಯದಾಗಿಯೇ ಬೆಳೆಯಿತು. ವೈದ್ಯನು ಪಕ್ಕದಲ್ಲಿ ನಿಂತೇ ಇದ್ದನು. ಪೂರ್ತಿಯಾಗಿ ಒರಗುವ ಕುರ್ಚಿ ಬಂದದ್ದು 1958ರಲ್ಲಿ. 1960ರ ದಶಕದಲ್ಲಿ ವೈದ್ಯನೂ ಕುಳಿತು, ಪಕ್ಕದಲ್ಲೊಬ್ಬ ಸಹಾಯಕನನ್ನು ಕೂರಿಸಿಕೊಂಡು ಕೆಲಸಮಾಡುವ ಪದ್ಧತಿ ಹರಡಿತು. ಕಾಲಿಗೆ ಬಿಡುವು ಸಿಕ್ಕಿತು. ಆದರೆ ಕುಳಿತವನು ಬಾಗಿದ್ದರಿಂದ ನೋವು ಕತ್ತಿಗೂ ಭುಜಕ್ಕೂ ಏರಿತು. ಕುರ್ಚಿ ಒರಗಬಲ್ಲುದಾದರೂ ಒರಗಿಸದಿದ್ದರೆ ಏನು ಪ್ರಯೋಜನ?

ಊರಿಗೆ ಹಿಂದಿರುಗಿದವಳು ದವಾಖಾನೆಯ ಯಜಮಾನರಾದ ವೈದ್ಯರ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದಳು. ಕೆಲಸ ಹೋಗುವುದಾದರೆ ಹೋಗಲೆಂದು ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದಳು. ವೈದ್ಯರು ಕೇಳಿ, ಏನೂ ಹೇಳದೆ, ಅಂಗಿಯ ಅಂಚನ್ನು ಕೊಂಚ ಎತ್ತಿ ತೋರಿಸಿದರು. ಒಳಗೆ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದಿತ್ತು.

“ನಾಲ್ಕು ವರ್ಷ ಆಯ್ತು” ಎಂದರು. “ರೋಗಿಗಳಿಗೆ ಗೊತ್ತಾದರೆ ಚೆನ್ನಾಗಿರೋಲ್ಲ ಅಂತ ಸುಮ್ಮನಿದ್ದೆ.”

ಒಂದೇ ಮಾಡಿನ ಕೆಳಗೆ ಇಬ್ಬರು ಒಂದೇ ಬಗೆಯ ನೋವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದರು. ಅಂದಿನಿಂದ ದವಾಖಾನೆಯಲ್ಲಿ ಕೆಲವು ಮಾರ್ಪಾಟುಗಳಾದವು, ಯಾವುದೂ ದೊಡ್ಡದಲ್ಲ. ದಪ್ಪ ಹಿಡಿಯ ಸಲಾಕೆಗಳು ಬಂದವು. ಅಲಗುಗಳನ್ನು ನಿಯಮವಾಗಿ ಮಸೆಯುವುದು ರೂಢಿಯಾಯಿತು. ಎರಡು ಕೈಗೂ ಒಂದೇ ಅಚ್ಚಿನಲ್ಲಿ ಮಾಡಿದ ಗವಸು ಹೆಬ್ಬೆರಳನ್ನು ಹಿಂದಕ್ಕೆ ಜಗ್ಗುವುದೆಂದು ತಿಳಿದು, ಎಡಬಲಗಳಿಗೆ ಬೇರೆಬೇರೆಯಾದುದನ್ನು ತರಿಸಿದರು. ಪಾದ ನೆಲಕ್ಕೆ ಊರುವಂತೆ, ತೊಡೆ ಕೊಂಚ ಕೆಳಗಿಳಿದಿರುವಂತೆ ಆಸನವನ್ನು ಸರಿಪಡಿಸಿ, ರೋಗಿಯ ಬಾಯಿ ಕೆಲಸದವಳ ಮೊಣಕೈಯ ಮಟ್ಟಕ್ಕೆ ಬರುವಂತೆ ಕುರ್ಚಿಯನ್ನು ಒರಗಿಸಲಾಯಿತು. ಕತ್ತು 20 ಡಿಗ್ರಿಗೆ ಮೀರಿ ಬಾಗದಂತೆ ನೋಡಿಕೊಂಡು, ಕಾಣದ ಜಾಗವನ್ನು ಸಣ್ಣ ಕನ್ನಡಿಯಲ್ಲಿ ನೋಡುವ ಅಭ್ಯಾಸವನ್ನು ಆಕೆ ಹೊಸದಾಗಿ ಕಲಿತಳು. ಕಠಿಣವಾದ ಎರಡು ಬಾಯಿಗಳು ಒಂದರ ಹಿಂದೊಂದು ಬಾರದಂತೆ ವೇಳೆಯ ಪಟ್ಟಿ ಬದಲಾಯಿತು.

ಇವೆಲ್ಲಕ್ಕಿಂತ ಕಷ್ಟವಾದದ್ದು ಒಂದೇ: ರೋಗಿಯನ್ನು ಕೇಳುವುದು. ತಲೆ ತಿರುಗಿಸಿ, ಗದ್ದ ಎತ್ತಿ ಎಂದು ಹಿರಿಯರಿಗೆ ಹೇಳುವುದು ಆಕೆಗೆ ಅವಿನಯವಾಗಿ ತೋರುತ್ತಿತ್ತು. ಹದಿನೆಂಟು ವರ್ಷ ರೋಗಿ ಇದ್ದಂತೆಯೇ ಇರಲೆಂದು ತಾನೇ ಅತ್ತಿತ್ತ ಬಾಗಿ, ತಿರುಚಿ, ಒರಗಿ ಕೆಲಸಮಾಡಿದ್ದಳು. ಸೇವೆಯೆಂದರೆ ಬಾಗುವುದೆಂದೇ ಆಕೆಯ ಭಾವನೆ. ಹೃದಯದ ಬೇನೆಯವರನ್ನೋ ಉಸಿರಾಟದ ತೊಂದರೆಯವರನ್ನೋ ಒರಗಿಸಲಾಗದಿದ್ದರೆ ಆಗ ಎದ್ದು ನಿಂತು ಕೆಲಸಮಾಡುವುದು ಸರಿ. ಆದರೆ ಎಲ್ಲರೂ ಅಂತಹವರಲ್ಲವಷ್ಟೆ.

ಆರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ನಿವೃತ್ತ ಉಪಾಧ್ಯಾಯರೊಬ್ಬರು ಒಂದು ದಿನ ಬಂದು ಕುರ್ಚಿಯಲ್ಲಿ ಕುಳಿತರು. ಅವರನ್ನು ಯಾವಾಗಲೂ ಅರ್ಧ ಕೂರಿಸಿಯೇ ಕೆಲಸಮಾಡುವುದು ವಾಡಿಕೆ. ಆಕೆ ಉಗುಳು ನುಂಗಿಕೊಂಡು ಕೇಳಿದಳು:

“ಮೇಷ್ಟ್ರೇ, ಇವತ್ತು ಪೂರ್ತಿ ಒರಗಿಸಲಾ? ಗದ್ದ ಸ್ವಲ್ಪ ಮೇಲೆ ಮಾಡಿ, ಮುಖ ನನ್ನ ಕಡೆ ತಿರುಗಿಸಬೇಕು. ನನ್ನ ಕೈಗೆ ಆಗ್ತಾ ಇಲ್ಲ.”

ಮುದುಕರು ಆಶ್ಚರ್ಯದಿಂದ ನೋಡಿದರು. “ಅದಕ್ಕೇನಮ್ಮ! ಇಷ್ಟು ವರ್ಷ ಹೇಳಲೇ ಇಲ್ಲವಲ್ಲ. ಅಲ್ಲಾಡಿದರೆ ನಿನ್ನ ಕೆಲಸ ಕೆಡುತ್ತೆ ಅಂತ ನಾನು ಕಲ್ಲಿನ ಹಾಗೆ ಕೂತಿರ್ತಿದ್ದೆ. ಮನೆಗೆ ಹೋದರೆ ಎರಡು ದಿನ ಕತ್ತು ನೋವು.”

ಒಬ್ಬರಿಗೆ ತೊಂದರೆಯಾಗದಿರಲೆಂದು ಇನ್ನೊಬ್ಬರು, ಇನ್ನೊಬ್ಬರಿಗೆ ತೊಂದರೆಯಾಗದಿರಲೆಂದು ಈ ಒಬ್ಬರು, ಹೀಗೆ ಇಬ್ಬರೂ ಬಿಗಿಹಿಡಿದು ಕುಳಿತು ಎಷ್ಟೋ ವರ್ಷ ನೋಯುತ್ತಿದ್ದರು. ಒಂದು ಮಾತು ಆ ಬಿಗಿಯನ್ನು ಬಿಡಿಸಿತು. ಕುರ್ಚಿ ಹಿಂದಕ್ಕೆ ಒರಗಿತು. ಮೇಷ್ಟರ ಮುಖ ತಿರುಗಿತು. ದವಡೆಯ ಹಿಂದಿನ ಹಲ್ಲು ಬಾಗದೆಯೇ ಕಣ್ಣಿಗೆ ಕಂಡಿತು.

ಕೈ ಪೂರ್ತಿ ಗುಣವಾಯಿತೆಂದು ಹೇಳುವಂತಿಲ್ಲ. ರಾತ್ರಿಯ ಜೋಮು ಅಪರೂಪವಾಗಿದೆ. ಹೆಬ್ಬೆರಳಿನ ತುದಿಯಲ್ಲಿ ಮಾತ್ರ ಮಂದತೆ ಉಳಿದಿದೆ. ಶಸ್ತ್ರಕ್ರಿಯೆಯ ಮಾತು ಮುಂದಕ್ಕೆ ಹೋಗಿದೆಯೇ ಹೊರತು ತಪ್ಪಿಹೋಗಿಲ್ಲ. ಸವೆದದ್ದೆಲ್ಲ ಮತ್ತೆ ತುಂಬುವುದಿಲ್ಲ. ಇನ್ನು ಸವೆಯದಂತೆ ನೋಡಿಕೊಳ್ಳುವುದಷ್ಟೇ ಉಳಿದ ವಿವೇಕ. ಮಗಳ ಫೀಜನ್ನು ಕಟ್ಟಿದ್ದಾಗಿದೆ. ದವಾಖಾನೆಗೆ ಕಲಿಯಲು ಬಂದಿರುವ ಹುಡುಗಿಯೊಬ್ಬಳು ಮೊದಲ ದಿನವೇ ರೋಗಿಯ ಮೇಲೆ ಬಿಲ್ಲಿನಂತೆ ಬಾಗಿದಾಗ, ಆಕೆ ಹಿಂದಿನಿಂದ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟು, “ನೀನು ಬಾಗಬೇಡ, ಕುರ್ಚಿಯನ್ನು ಬಾಗಿಸು” ಎಂದಳು.

ಮನೆಯಲ್ಲಿ ಮುದ್ದೆಯ ಕೋಲನ್ನು ಅತ್ತೆ ಇನ್ನೂ ಸೊಸೆಯ ಕೈಗೆ ಕೊಟ್ಟಿಲ್ಲ. ಮೊದಲು ಅದಕ್ಕಾಗಿ ಸಂಕೋಚಪಡುತ್ತಿದ್ದವಳು ಈಗ ತಟ್ಟೆಗಳನ್ನು ಇಟ್ಟು, ಸಾರನ್ನು ಬಡಿಸಿ, ಮುದ್ದೆಗಾಗಿ ಕಾದು ಕೂರುವಳು.